ಸೈನಸ್ ಕಟ್ಟಿಕೊಂಡ ಮೇಲೆ ಡ್ಯೂರಾದಲ್ಲಿ ಫಿಸ್ಟುಲಾ ಹುಟ್ಟುವುದು ಹೇಗೆ? ಇದ್ದ ದಾರಿ ತೆರೆದುಕೊಳ್ಳುತ್ತದೆಯೋ, ಹೊಸದು ಬೆಳೆಯುತ್ತದೆಯೋ?

ಪ್ರಶ್ನೆ: ಕಪಿಲಾ_ಪಾಠ

ರೇಡಿಯಾಲಜಿ ಪಿಜಿ ವಿದ್ಯಾರ್ಥಿಗಳಿಗಾಗಿ ಡ್ಯೂರಲ್ ಆರ್ಟೀರಿಯೋವೀನಸ್ ಫಿಸ್ಟುಲಾ ಕುರಿತು ಕನ್ನಡದಲ್ಲಿ ಒಂದು ಪಾಠ ಸಿದ್ಧಪಡಿಸುತ್ತಿದ್ದೇನೆ. ಮಿದುಳಿನ ಹೊರಪೊರೆ ಡ್ಯೂರಾದಲ್ಲಿ ಧಮನಿಯ ರಕ್ತ ಲೋಮನಾಳಗಳನ್ನು ದಾಟದೆ ನೇರವಾಗಿ ಸೈನಸ್ಸಿಗೋ (ಮಿದುಳಿನ ರಕ್ತ ಹೊರಹೋಗುವ, ಡ್ಯೂರಾದೊಳಗಿನ ದೊಡ್ಡ ಕೊಳವೆ) ಸಿರೆಗೋ ಸುರಿಯುತ್ತದೆ ಎಂಬಲ್ಲಿಯವರೆಗೆ ತೊಂದರೆಯಿಲ್ಲ. ತೊಡಕಾಗುವುದು "ಇದು ಉಂಟಾಗುವುದು ಹೇಗೆ" ಎಂಬ ಭಾಗದಲ್ಲಿ. ಪಠ್ಯಗಳು "ಸೈನಸ್ ಥ್ರಾಂಬೋಸಿಸ್ ಆದ ನಂತರ ಉಂಟಾಗಬಹುದು" ಎಂದು, ಅಂದರೆ ಸೈನಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಎಂದು, ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ತಿಳಿದವರು ಇವಕ್ಕೆ ಉತ್ತರಿಸಬೇಕು:

ಒಂದು, ಸಂಪರ್ಕ ನಿಖರವಾಗಿ ಎಲ್ಲಿರುತ್ತದೆ? ಸೈನಸ್ಸಿನ ಗೋಡೆಯಲ್ಲೋ, ಒಳಗೋ, ಹೊರಗೋ?

ಎರಡು, ಅದು ಮೊದಲೇ ಇದ್ದು ಮುಚ್ಚಿಕೊಂಡಿದ್ದ ದಾರಿಯೋ, ಹೊಸದಾಗಿ ಬೆಳೆದ ರಕ್ತನಾಳವೋ?

ಮೂರು, ಹೆಪ್ಪು ಮೊದಲೋ ಫಿಸ್ಟುಲಾ ಮೊದಲೋ? ಆಂಜಿಯೋಗ್ರಾಂನಲ್ಲಿ ಎರಡೂ ಒಟ್ಟಿಗೆ ಕಂಡಾಗ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಇದೇ.

ನಾಲ್ಕು, ರಕ್ತ ತರುವ ಧಮನಿಯನ್ನು ಮುಚ್ಚಿದರೆ ಫಿಸ್ಟುಲಾ ಯಾಕೆ ಸಾಯುವುದಿಲ್ಲ? ಹುಟ್ಟಿನ ಕಾರಣಕ್ಕೂ ಇದಕ್ಕೂ ನಂಟಿದೆ ಅನ್ನಿಸುತ್ತದೆ, ಆದರೆ ಬಿಡಿಸಿ ಹೇಳಲು ಆಗುತ್ತಿಲ್ಲ.

ಉತ್ತರ: ಪದರಪದರ

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ.

ಡ್ಯೂರಾಕ್ಕೆ ಎರಡು ಪದರ. ಹೊರಗಿನದು ತಲೆಬುರುಡೆಯ ಒಳಮೈಗೆ ಅಂಟಿಕೊಂಡಿರುತ್ತದೆ, ಒಳಗಿನದು ಮಿದುಳಿನ ಕಡೆಗಿರುತ್ತದೆ. ಬಹುತೇಕ ಕಡೆ ಎರಡೂ ಬೆಸೆದುಕೊಂಡಿವೆ. ಬೇರ್ಪಡುವ ಕಡೆ ನಡುವೆ ಉಳಿಯುವ ಕೊಳವೆಯೇ ವೀನಸ್ ಸೈನಸ್. ಡ್ಯೂರಾದ ದೊಡ್ಡ ಧಮನಿಗಳು ಹರಿಯುವುದು ಹೊರಪದರದಲ್ಲಿ, ಮೂಳೆಗೆ ಒತ್ತಿಕೊಂಡು. ಒಣಗಿದ ಬುರುಡೆಯ ಒಳಮೈಯಲ್ಲಿ ಮಿಡಲ್ ಮೆನಿಂಜಿಯಲ್ ಧಮನಿಯ ಗೀರುಗಳು ಕಾಣುವುದು ಅದಕ್ಕೇ.

ವಿದ್ಯಾರ್ಥಿಗಳ ತಲೆಯಲ್ಲಿರುವ ಚಿತ್ರವೆಂದರೆ ಧಮನಿಯೊಂದು ಬಂದು ಸೈನಸ್ಸಿನ ಗೋಡೆಗೆ ತೂತು ಕೊರೆದು ಒಳಗೆ ರಕ್ತ ಸುರಿಯುವುದು. ಇದನ್ನು ಮೊದಲ ದಿನವೇ ಅಳಿಸಬೇಕು. ಸೈನಸ್ಸಿನ ಗೋಡೆ ಬರೀ ನಾರಿನ ಹಾಳೆಯಲ್ಲ. ಅದರೊಳಗೆ ಸಣ್ಣ ಧಮನಿಗಳ ಜಾಲವೊಂದು, ಸಣ್ಣ ಸಿರೆಗಳ ಜಾಲವೊಂದು ಹೆಣೆದುಕೊಂಡಿವೆ. ಆ ಸಣ್ಣ ಸಿರೆಗಳು ಕೊನೆಗೆ ಸೈನಸ್ಸಿನ ಒಳಕ್ಕೆ ತೆರೆದುಕೊಳ್ಳುತ್ತವೆ. ಆರೋಗ್ಯವಂತರ ಡ್ಯೂರಾದಲ್ಲೂ ಈ ಎರಡು ಜಾಲಗಳ ನಡುವೆ ಅತಿ ಸಣ್ಣ ನೇರ ಸಂಪರ್ಕಗಳಿವೆ ಎಂದು ಕರ್ಬರ್ ಮತ್ತು ನ್ಯೂಟನ್ 1973ರಲ್ಲೇ ವಿವರಿಸಿದ್ದರು. 1997ರಲ್ಲಿ ಹಮಾದ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ತಲೆಯ ಹಿಂಬದಿಯಿಂದ ಕಿವಿಯ ಹಿಂದಕ್ಕೆ ಸಾಗುವ ಟ್ರಾನ್ಸ್‌ವರ್ಸ್-ಸಿಗ್ಮಾಯ್ಡ್ ಸೈನಸ್ಸಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಕಂಡದ್ದೂ ಇದಕ್ಕೆ ಹೊಂದುತ್ತದೆ. ಡ್ಯೂರಾದ ಧಮನಿ ಗೋಡೆಯೊಳಗಿನ ಸಣ್ಣ ಸಿರೆಗೆ ಕೂಡಿಕೊಳ್ಳುತ್ತದೆ, ಆ ಸಿರೆ ಸೈನಸ್ಸಿಗೆ ಹೋಗುತ್ತದೆ. ಕೂಡುವ ನಾಳಗಳ ಅಗಲ ಸರಾಸರಿ 30 ಮೈಕ್ರಾನ್ ಆಸುಪಾಸು. ಬಿರುಕಿನಂತೆ ಕಿರಿದಾದ, ನೂರಾರು ಇರಬಹುದಾದ ನಾಳಗಳು. ಆಂಜಿಯೋಗ್ರಾಂನಲ್ಲಿ ಇಡೀ ಸೈನಸ್ಸಿನ ಉದ್ದಕ್ಕೂ ಮಸುಕು ಕೆಂಡದ ಹಾಗೆ ತುಂಬಿಕೊಳ್ಳುವುದು ಕಾಣುತ್ತದಲ್ಲ, ಅದರ ಕಾರಣ ಇದು. ತೂತು ಒಂದೇ ಆಗಿದ್ದರೆ ಚಿಮ್ಮುವ ಗೆರೆಯೊಂದು ಕಾಣಬೇಕಿತ್ತು.

ಸಂಪರ್ಕ ಸೈನಸ್ಸಿಗೇ ಆಗಬೇಕೆಂದೂ ಇಲ್ಲ. ಮಿದುಳಿನ ಮೇಲ್ಮೈಯ ಸಿರೆ ಡ್ಯೂರಾವನ್ನು ಚುಚ್ಚಿ ಹೊರಬರುವ ಜಾಗದಲ್ಲೂ ಫಿಸ್ಟುಲಾ ಹುಟ್ಟುತ್ತದೆ. ಹಣೆಯ ಹಿಂದಿನ ಆಂಟೀರಿಯರ್ ಕ್ರೇನಿಯಲ್ ಫಾಸಾ ಮತ್ತು ಟೆಂಟೋರಿಯಮ್ (ದೊಡ್ಡ ಮಿದುಳು ಮತ್ತು ಕಿರುಮಿದುಳಿನ ನಡುವಿನ ಡ್ಯೂರಾದ ಹಾಳೆ) ಇದಕ್ಕೆ ಹೆಸರಾದ ಜಾಗಗಳು. ಅಲ್ಲಿ ರಕ್ತ ಸೈನಸ್ಸನ್ನು ಮುಟ್ಟದೆ ನೇರ ಮಿದುಳಿನ ಸಿರೆಗೇ ನುಗ್ಗುತ್ತದೆ.

ಇನ್ನೊಂದು ಅಂಗರಚನೆಯ ವಿಷಯವನ್ನು ಪಾಠದಲ್ಲಿ ದಪ್ಪಕ್ಷರದಲ್ಲಿ ಹಾಕಿ: ಮಿದುಳಿನ ಸಿರೆಗಳಿಗಾಗಲಿ ಡ್ಯೂರಾದ ಸೈನಸ್‌ಗಳಿಗಾಗಲಿ ಕವಾಟಗಳಿಲ್ಲ. ಒತ್ತಡ ತಿರುಗಿದರೆ ಹರಿವೂ ತಿರುಗುತ್ತದೆ. ಮುಂದೆ ಆಗುವ ಅನಾಹುತಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ.

ಉತ್ತರ: ಎಂಡೋಥೀಲಿಯಂ

ಎರಡನೇ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಎಂದರೆ ಎರಡೂ ನಡೆಯುತ್ತವೆ ಎಂಬುದೇ. ಆದರೆ ಎರಡಕ್ಕೂ ಮೂಲದಲ್ಲಿ ಒಂದೇ ಒತ್ತಾಯವಿದೆ. ಅದು ಸಿರೆಯ ಕಡೆ ಒತ್ತಡ ಏರುವುದು. ಹೆಪ್ಪು ಆ ಒತ್ತಡವನ್ನು ಏರಿಸುವ ಹಲವು ಕಾರಣಗಳಲ್ಲಿ ಒಂದು, ಅಷ್ಟೇ.

ಮೊದಲ ದಾರಿ ಬರೀ ಒತ್ತಡದ್ದು. ಸೈನಸ್ ಕಟ್ಟಿಕೊಂಡರೆ ಅದರ ಗೋಡೆಯೊಳಗಿನ ಸಣ್ಣ ಸಿರೆಗಳು ರಕ್ತ ಬಿಡಲು ಜಾಗವಿಲ್ಲದೆ ಉಬ್ಬುತ್ತವೆ. ಪದರಪದರ ಅವರು ಹೇಳಿದ ಆ ಸಹಜ ಸಣ್ಣ ಸಂಪರ್ಕಗಳು ಹಿಗ್ಗುತ್ತವೆ. ಹಿಗ್ಗಿದ ಮೇಲೆ ಅವುಗಳ ಮೂಲಕ ಧಮನಿಯ ರಕ್ತ ವೇಗವಾಗಿ ಹರಿಯುತ್ತದೆ. ವೇಗದ ಹರಿವು ನಾಳದ ಒಳಗೋಡೆಯನ್ನು ಉಜ್ಜುವ ಬಲವೇ ನಾಳವನ್ನು ಮತ್ತಷ್ಟು ಅಗಲ ಮಾಡುತ್ತದೆ. ಒಮ್ಮೆ ಈ ಸುತ್ತು ಶುರುವಾಯಿತೆಂದರೆ ಹೆಪ್ಪು ಕರಗಿದರೂ ಸಂಪರ್ಕ ಹಾಗೇ ಉಳಿಯಬಹುದು.

ಎರಡನೇ ದಾರಿ ಆಮ್ಲಜನಕದ ಕೊರತೆಯದು. ಅಂಗಾಂಶದ ಮೂಲಕ ರಕ್ತ ತಳ್ಳುವ ಬಲ ಎಂದರೆ ಧಮನಿಯ ಒತ್ತಡದಿಂದ ಸಿರೆಯ ಒತ್ತಡ ಕಳೆದು ಉಳಿದದ್ದು. ಸರಾಸರಿ ಧಮನಿ ಒತ್ತಡ 90 ಮಿಮೀ ಪಾದರಸ, ಸೈನಸ್ಸಿನದು 8 ಎಂದಿಟ್ಟುಕೊಂಡರೆ ಬಲ 82. ಸೈನಸ್ಸಿನ ಒತ್ತಡ 35ಕ್ಕೆ ಏರಿದರೆ ಉಳಿಯುವುದು 55. ರಕ್ತ ನಿಧಾನವಾಗುತ್ತದೆ, ಆಮ್ಲಜನಕ ಇಳಿಯುತ್ತದೆ. ಆಗ ಜೀವಕೋಶದೊಳಗೆ ಎಚ್‌ಐಎಫ್-1 ಎಂಬ ಪ್ರೋಟೀನು ನಾಶವಾಗದೆ ಉಳಿದು, ವಿಇಜಿಎಫ್ ತಯಾರಿಸುವ ಜೀನ್‌ಗೆ ಚಾಲನೆ ಕೊಡುತ್ತದೆ. ವಿಇಜಿಎಫ್ ಹೊಸ ರಕ್ತನಾಳ ಬೆಳೆಸುವ ಸಂಕೇತ. ಮಿದುಳಿನೊಳಗೆ ಆ ಸಂಕೇತಕ್ಕೆ ಲೋಮನಾಳಗಳು ಬೆಳೆಯಬಹುದು. ಡ್ಯೂರಾದಲ್ಲಾದರೋ ಒತ್ತಡ ತುಂಬಿದ ಧಮನಿಜಾಲ ಮತ್ತು ಉಬ್ಬಿದ ಸಿರೆಜಾಲ ಪಕ್ಕಪಕ್ಕದಲ್ಲೇ ಇವೆ. ಅಲ್ಲಿ ಚಿಗುರಿದ ನಾಳ ಎರಡನ್ನೂ ಬೆಸೆಯುವುದು ಸುಲಭ.

ಇದಕ್ಕೆ ಪುರಾವೆ 1990ರ ದಶಕದ ಇಲಿಗಳ ಪ್ರಯೋಗಗಳು. ಟೆರಾಡಾ ಮತ್ತು ಸಂಗಡಿಗರು 1994ರಲ್ಲಿ ಇಲಿಯ ಕ್ಯಾರಾಟಿಡ್ ಧಮನಿಯನ್ನು ಕುತ್ತಿಗೆಯ ಜುಗುಲರ್ ಸಿರೆಗೆ ಹೊಲಿದು, ತಲೆಯ ಸಿರೆಗಳಲ್ಲಿ ಒತ್ತಡ ಏರುವಂತೆ ಮಾಡಿದರು. ಕೆಲವು ತಿಂಗಳ ನಂತರ ಕೆಲವು ಇಲಿಗಳಲ್ಲಿ ಹೊಸ ಫಿಸ್ಟುಲಾ ಹುಟ್ಟಿತ್ತು, ಸೈನಸ್ಸಿನಲ್ಲಿ ಹೆಪ್ಪು ಇಲ್ಲದೆಯೂ. ಲಾಟನ್ ಮತ್ತು ಸಂಗಡಿಗರು 1997ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಒತ್ತಡ ಏರಿದ ಇಲಿಗಳ ಡ್ಯೂರಾದ ತುಣುಕನ್ನು ಮೊಲದ ಕಣ್ಣಿನ ಕಾರ್ನಿಯಾದಲ್ಲಿ ಇಟ್ಟು ನೋಡಿದರು. ಕಾರ್ನಿಯಾದಲ್ಲಿ ಸಹಜವಾಗಿ ರಕ್ತನಾಳಗಳಿರುವುದಿಲ್ಲ, ಹಾಗಾಗಿ ಅಲ್ಲಿ ನಾಳ ಚಿಗುರಿದರೆ ಅದು ಇಟ್ಟ ತುಣುಕಿನ ಪ್ರಭಾವವೇ. ಸಿರೆಯ ಒತ್ತಡ ಏರಿದಷ್ಟೂ ನಾಳ ಚಿಗುರಿಸುವ ಶಕ್ತಿ ಹೆಚ್ಚು, ಆ ಶಕ್ತಿ ಹೆಚ್ಚಿದ ಇಲಿಗಳಲ್ಲೇ ಫಿಸ್ಟುಲಾ ಹೆಚ್ಚು ಎಂದು ಕಂಡಿತು. ಮನುಷ್ಯರಿಂದ ತೆಗೆದ ಸೈನಸ್ ಗೋಡೆಯಲ್ಲೂ ವಿಇಜಿಎಫ್ ಮತ್ತು ನಾಳ ಬೆಳೆಸುವ ಇನ್ನೊಂದು ಸಂಕೇತವಾದ ಬಿಎಫ್‌ಜಿಎಫ್ ಎರಡೂ ಪತ್ತೆಯಾಗಿವೆ.

ಮಿದುಳಿನ ಒಳಗಿನ ಎವಿಎಂ (ಧಮನಿ-ಸಿರೆಗಳು ಹೆಣೆದುಕೊಂಡ ಗಂಟು) ಜೊತೆ ಇದನ್ನು ಕಲಸಬೇಡಿ. ಎವಿಎಂ ಗಂಟುಗಳ ಒಳಗೋಡೆಯ ಕೋಶಗಳಲ್ಲಿ ಕೆಆರ್‌ಎಎಸ್ ಜೀನ್‌ನ ಬದಲಾವಣೆ ಇರುವುದು 2018ರಲ್ಲಿ ವರದಿಯಾಯಿತು. ಡ್ಯೂರಾದ ಫಿಸ್ಟುಲಾ ಬಹುಮಟ್ಟಿಗೆ ವಯಸ್ಕರಲ್ಲಿ, ಐವತ್ತು ಅರವತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ, ಗಳಿಸಿಕೊಂಡ ರೋಗ. ಮಕ್ಕಳಲ್ಲಿ ಕಾಣುವ ಸೈನಸ್ಸಿನ ಹುಟ್ಟುದೋಷಗಳ ಲೆಕ್ಕವೇ ಬೇರೆ.

ಪ್ರತಿಕ್ರಿಯೆ: ಕಪಿಲಾ_ಪಾಠ

ಇಬ್ಬರಿಗೂ ಧನ್ಯವಾದ. 82 ಮತ್ತು 55ರ ಲೆಕ್ಕವನ್ನು ಹಾಗೇ ಎತ್ತಿಕೊಳ್ಳುತ್ತೇನೆ. ಒಂದು ಮಾತು ಉಳಿಯಿತು. ಒತ್ತಡವೇ ಕಾರಣವಾದರೆ, ಸೈನಸ್ ಥ್ರಾಂಬೋಸಿಸ್ ಆದ ಬಹುತೇಕರಲ್ಲಿ ಫಿಸ್ಟುಲಾ ಯಾಕೆ ಬರುವುದಿಲ್ಲ? ಬಾಣಂತಿಯರಲ್ಲಿ ಸೈನಸ್ ಹೆಪ್ಪುಗಟ್ಟುವುದು ನಮ್ಮಲ್ಲಿ ಅಪರೂಪವೇನಲ್ಲ. ಅವರಲ್ಲಿ ಯಾರನ್ನು ಮುಂದೆ ಗಮನಿಸಬೇಕು?

ಉತ್ತರ: ನರರೋಗ_ವಾರ್ಡ್

ಥ್ರಾಂಬೋಸಿಸ್ ಆದವರಲ್ಲಿ ಮುಂದೆ ಫಿಸ್ಟುಲಾ ಕಾಣಿಸಿಕೊಳ್ಳುವುದು ನೂರಕ್ಕೆ ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಹೆಪ್ಪು ಕೆಲವು ತಿಂಗಳಲ್ಲಿ ಭಾಗಶಃವಾದರೂ ತೆರೆದುಕೊಳ್ಳುತ್ತದೆ, ಅಥವಾ ಇನ್ನೊಂದು ಬದಿಯ ಟ್ರಾನ್ಸ್‌ವರ್ಸ್ ಸೈನಸ್ ಹೊರೆ ಹೊರುತ್ತದೆ, ಒತ್ತಡ ಇಳಿಯುತ್ತದೆ. ಫಿಸ್ಟುಲಾಕ್ಕೆ ಬೇಕಾದ್ದು ಉಳಿದುಕೊಂಡ ಒತ್ತಡ. ಹಾಗಾಗಿ ಅಪಾಯ ಹೆಚ್ಚಿರುವುದು ಇಂಥವರಲ್ಲಿ: ಹುಟ್ಟಿನಿಂದಲೇ ಒಂದು ಬದಿಯ ಟ್ರಾನ್ಸ್‌ವರ್ಸ್ ಸೈನಸ್ ಸಣ್ಣದಿದ್ದು, ದೊಡ್ಡದಿರುವ ಬದಿ ಕಟ್ಟಿಕೊಂಡವರು, ಹೆಪ್ಪು ತೆರೆದುಕೊಳ್ಳದೆ ನಾರಾಗಿ ಉಳಿದವರು, ಹೆಪ್ಪು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೊರತೆಯಿಂದ ಮತ್ತೆ ಮತ್ತೆ ಹೆಪ್ಪುಗಟ್ಟುವವರು. ಹೆಪ್ಪಲ್ಲದೆಯೂ ಸೈನಸ್ ಇಕ್ಕಟ್ಟಾಗಬಹುದು. ಮೆನಿಂಜಿಯೋಮಾ ಗಡ್ಡೆ ಒತ್ತಿದಾಗ, ಕಿವಿಯ ಹಿಂದಿನ ಮೂಳೆಗೆ ಸೋಂಕು ಹರಡಿದಾಗ, ತಲೆಗೆ ಪೆಟ್ಟು ಬಿದ್ದಾಗ, ಆ ಜಾಗದಲ್ಲಿ ಶಸ್ತ್ರಚಿಕಿತ್ಸೆ ಆದಾಗಲೂ ಫಿಸ್ಟುಲಾ ಬಂದದ್ದಿದೆ.

ಮೂರನೇ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಹೆಪ್ಪು ಮೊದಲಾಗಿ ಫಿಸ್ಟುಲಾ ನಂತರ ಬಂದದ್ದನ್ನು 1979ರಲ್ಲೇ ಹೌಸರ್ ಮತ್ತು ಸಂಗಡಿಗರು ಆಂಜಿಯೋಗ್ರಾಂಗಳ ಸರಣಿಯಲ್ಲಿ ತೋರಿಸಿದರು. ಉಲ್ಟಾ ಕೂಡ ನಡೆಯುತ್ತದೆ. ಫಿಸ್ಟುಲಾದ ರಭಸದ ಹರಿವು ಸೈನಸ್ಸಿನ ಒಳಗೋಡೆಯನ್ನು ದಪ್ಪಗಾಗಿಸುತ್ತದೆ, ಸುಳಿಗಳೆದ್ದಲ್ಲಿ ಹೆಪ್ಪು ಕೂರುತ್ತದೆ, ಸೈನಸ್ ಇಕ್ಕಟ್ಟಾಗುತ್ತದೆ. ಒಂದೇ ಆಂಜಿಯೋಗ್ರಾಂ ನೋಡಿ ಯಾವುದು ಮೊದಲು ಎಂದು ಹೇಳುವ ಪ್ರಯತ್ನ ಬೇಡ. ಹಳೆಯ ಎಂಆರ್‌ವಿ (ಸಿರೆಗಳನ್ನು ತೋರಿಸುವ ಎಂಆರ್ ಚಿತ್ರ) ಇದ್ದರೆ ಮಾತ್ರ ಹೇಳಬಹುದು. ಚಿಕಿತ್ಸೆಯ ದೃಷ್ಟಿಯಿಂದ ಕೇಳಬೇಕಾದ್ದು "ಈಗ ಮಿದುಳಿನ ರಕ್ತ ಹೊರಹೋಗುತ್ತಿರುವುದು ಯಾವ ದಾರಿಯಲ್ಲಿ" ಎಂಬುದು.

ಬಾಣಂತಿಯರ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಬಗೆಯ ಥ್ರಾಂಬೋಸಿಸ್ ಕುರಿತು ದಶಕಗಳಿಂದ ಕೆಲಸ ನಡೆದಿದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ನೀರಿನ ಕೊರತೆ ಸೇರಿದರೆ ಅಪಾಯ ಏರುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇರುವ ಮನೆಗಳಲ್ಲಿ ಅದನ್ನು ನಿಲ್ಲಿಸಲು ಸ್ಪಷ್ಟವಾಗಿ ಹೇಳಲೇಬೇಕು. ಬಿ12 ಕೊರತೆಯಿಂದ ಹೋಮೋಸಿಸ್ಟೀನ್ ಏರುವುದನ್ನೂ ಪರೀಕ್ಷಿಸಿ.

ಹೆಪ್ಪಿಗೆ ಹೆಪಾರಿನ್, ನಂತರ ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗಿದೆ ಎಂಬ ಅಳತೆ) 2ರಿಂದ 3, ಕಾರಣ ನೋಡಿಕೊಂಡು 3ರಿಂದ 12 ತಿಂಗಳು. ಸಿರೆ ಕಟ್ಟಿಕೊಂಡದ್ದರಿಂದಲೇ ಮಿದುಳಿನಲ್ಲಿ ಸ್ವಲ್ಪ ರಕ್ತ ಕಾಣುತ್ತಿದ್ದರೂ ಹೆಪಾರಿನ್ ನಿಲ್ಲಿಸುವಂತಿಲ್ಲ. ಅಲ್ಲಿ ಹಿಂಜರಿದರೆ ಹೆಪ್ಪು ಬೆಳೆಯುತ್ತದೆ.

3ರಿಂದ 6 ತಿಂಗಳಿಗೆ ಎಂಆರ್‌ವಿ ಮಾಡಿಸಿ ಸೈನಸ್ ತೆರೆದಿದೆಯೇ ನೋಡಿ. ಆಮೇಲೆ ಬರುವ ಈ ದೂರುಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಒಂದೇ ಕಿವಿಯಲ್ಲಿ ನಾಡಿಯ ತಾಳಕ್ಕೆ ಸರಿಯಾಗಿ ಬಡಿಯುವ ಸದ್ದು, ಹೊಸ ತಲೆನೋವು, ದೃಷ್ಟಿ ಮಂಜಾಗುವುದು, ಕಣ್ಣು ಕೆಂಪಾಗಿ ಮುಂದಕ್ಕೆ ಬರುವುದು, ಫಿಟ್ಸ್, ನೆನಪು ಮತ್ತು ನಡಿಗೆ ವೇಗವಾಗಿ ಕೆಡುವುದು. ಕೊನೆಯದನ್ನು ವಯಸ್ಸಿನ ಮರೆವು ಎಂದು ಬಿಟ್ಟುಬಿಡುವುದು ಬಹಳ ದುಃಖದ ಸಂಗತಿ, ಯಾಕೆಂದರೆ ಫಿಸ್ಟುಲಾ ಮುಚ್ಚಿದರೆ ಹಿಂತಿರುಗಬಲ್ಲ ಮರೆವುಗಳಲ್ಲಿ ಅದೂ ಒಂದು.

ಹಾಸಿಗೆಯ ಪಕ್ಕದ ಒಂದು ಪರೀಕ್ಷೆ. ಸ್ಟೆತಸ್ಕೋಪನ್ನು ಕಿವಿಯ ಹಿಂದಿನ ಮೂಳೆಯ ಮೇಲಿಟ್ಟು ಶಾಂತ ಕೋಣೆಯಲ್ಲಿ ಕೇಳಿ. ಅದೇ ಬದಿಯ ಕುತ್ತಿಗೆಯ ಜುಗುಲರ್ ಸಿರೆಯನ್ನು ಹಗುರವಾಗಿ ಒತ್ತಿದಾಗ ರೋಗಿಗೆ ಸದ್ದು ನಿಂತುಹೋದರೆ ಅದು ಸಿರೆಯ ಗುಂಯ್‌ಗುಡುವಿಕೆ ಇರಬಹುದು. ಕಿವಿಯ ಹಿಂದೆ ಆಕ್ಸಿಪಿಟಲ್ ಧಮನಿಯನ್ನು ಒತ್ತಿದಾಗ ತಗ್ಗಿದರೆ ಫಿಸ್ಟುಲಾದ ಅನುಮಾನ ಬಲವಾಗುತ್ತದೆ. ಏನೂ ಕೇಳಿಸದಿದ್ದರೆ ರೋಗವಿಲ್ಲ ಎಂದಲ್ಲ.

ಉತ್ತರ: ಮೂರು_ಟೆಸ್ಲಾ

ಚಿತ್ರಣದ ಬಗ್ಗೆ ಸೇರಿಸುತ್ತೇನೆ, ಪಾಠ ರೇಡಿಯಾಲಜಿಯವರಿಗಲ್ಲವೇ.

ಬರೀ ಸಿಟಿ ಸಹಜವಾಗಿ ಕಾಣಬಹುದು. ಎಂಆರ್‌ಐನಲ್ಲಿ ಟಿ2 ಚಿತ್ರದಲ್ಲಿ ಮಿದುಳಿನ ಮೇಲ್ಮೈಯಲ್ಲಿ ಕಪ್ಪು ಹುಳುಗಳಂಥ ಚುಕ್ಕೆಗಳು ಹೆಚ್ಚಾಗಿವೆಯೇ, ಬಿಳಿಭಾಗದಲ್ಲಿ ಊತವಿದೆಯೇ, ಎಸ್‌ಡಬ್ಲ್ಯುಐನಲ್ಲಿ (ಸಿರೆಯ ರಕ್ತ ಕಪ್ಪಾಗಿ ಕಾಣುವ ಎಂಆರ್‌ಐ ಬಗೆ) ಒಂದು ಬದಿಯ ಸಿರೆಗಳು ಎದ್ದು ಕಾಣುತ್ತವೆಯೇ ನೋಡಿ. ಧಮನಿ ಹಂಚಿಕೆಗೆ ಹೊಂದದ ಜಾಗದಲ್ಲಿ ರಕ್ತಸ್ರಾವ ಕಂಡರೆ ಫಿಸ್ಟುಲಾ ನೆನಪಾಗಬೇಕು.

ಕಾಂಟ್ರಾಸ್ಟ್ (ಚಿತ್ರದಲ್ಲಿ ನಾಳ ಎದ್ದು ಕಾಣಲು ಹಾಕುವ ದ್ರವ) ಇಲ್ಲದೆ ಸಿಗುವ ಒಳ್ಳೆಯ ಸುಳಿವು ಎಎಸ್‌ಎಲ್. ಕುತ್ತಿಗೆಯಲ್ಲಿ ಧಮನಿಯ ರಕ್ತಕ್ಕೆ ಕಾಂತೀಯ ಗುರುತು ಹಾಕಿ, ಸುಮಾರು 1800 ಮಿಲಿಸೆಕೆಂಡು ಬಿಟ್ಟು ತಲೆಯ ಚಿತ್ರ ತೆಗೆಯುತ್ತೇವೆ. 3 ಟೆಸ್ಲಾದಲ್ಲಿ ರಕ್ತದ ಟಿ1 (ಆ ಗುರುತು ಮಾಸುವ ಕಾಲದ ಅಳತೆ) ಸುಮಾರು 1650 ಮಿಲಿಸೆಕೆಂಡು. ಅಂದರೆ ಗುರುತು ಬೇಗ ಮಾಸುತ್ತದೆ, ಲೋಮನಾಳ ದಾಟಿ ಸಿರೆಗೆ ಬರುವಷ್ಟರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ಸಿರೆಯಲ್ಲೋ ಸೈನಸ್ಸಿನಲ್ಲೋ ಬೆಳಕು ಕಂಡರೆ ರಕ್ತ ಲೋಮನಾಳ ತಪ್ಪಿಸಿ ಬಂದಿದೆ ಎಂದೇ ಅರ್ಥ.

ಎಡವುವ ಜಾಗವೂ ಇದೆ. ಟಿಒಎಫ್ ಆಂಜಿಯೋದಲ್ಲಿ (ಹರಿಯುವ ರಕ್ತ ಬೆಳ್ಳಗೆ ಕಾಣುವ ಎಂಆರ್ ಚಿತ್ರ) ಎಡಗಡೆಯ ಜುಗುಲರ್ ಮತ್ತು ಸಿಗ್ಮಾಯ್ಡ್‌ನಲ್ಲಿ ಬಿಳುಪು ಕಂಡ ಕೂಡಲೇ ಫಿಸ್ಟುಲಾ ಎಂದು ಬರೆಯಬೇಡಿ. ಎದೆಯೊಳಗೆ ಎಡ ಬ್ರೇಕಿಯೋಸೆಫಾಲಿಕ್ ಸಿರೆ ಒತ್ತಲ್ಪಟ್ಟಾಗ ರಕ್ತ ಮೇಲಕ್ಕೆ ಹಿಮ್ಮೆಟ್ಟಿ ಅದೇ ಚಿತ್ರ ಕೊಡುತ್ತದೆ. ಆಗ ಎಎಸ್‌ಎಲ್‌ನಲ್ಲಿ ಅಲ್ಲಿ ಬೆಳಕಿರುವುದಿಲ್ಲ, ಅದರಿಂದ ಬೇರ್ಪಡಿಸಬಹುದು.

ಕೊನೆಯ ಮಾತು ಡಿಎಸ್‌ಎಯದ್ದೇ, ಅಂದರೆ ಧಮನಿಯೊಳಗೆ ಕ್ಯಾಥೆಟರ್ ತೂರಿಸಿ ಕಾಂಟ್ರಾಸ್ಟ್ ಹಾಕಿ ತೆಗೆಯುವ ಆಂಜಿಯೋಗ್ರಾಂನದ್ದು. ಎರಡೂ ಬದಿಯ ಇಂಟರ್ನಲ್ ಕ್ಯಾರಾಟಿಡ್, ಎಕ್ಸ್‌ಟರ್ನಲ್ ಕ್ಯಾರಾಟಿಡ್, ವರ್ಟಿಬ್ರಲ್, ಒಟ್ಟು ಆರು ಧಮನಿಗಳನ್ನೂ ಬೇರೆ ಬೇರೆಯಾಗಿ ತುಂಬಿಸಬೇಕು. ಕಾಮನ್ ಕ್ಯಾರಾಟಿಡ್‌ಗೆ ಒಮ್ಮೆ ಹಾಕಿ ಮುಗಿಸಿದರೆ ಸಣ್ಣ ಫಿಸ್ಟುಲಾ ತಪ್ಪಿಹೋಗುತ್ತದೆ. ಎಕ್ಸ್‌ಟರ್ನಲ್‌ಗೆ ಸೆಕೆಂಡಿಗೆ 2-3 ಮಿಲಿಯಂತೆ 5-6 ಮಿಲಿ ಸಾಕು. ಸೆಕೆಂಡಿಗೆ 3-4 ಚಿತ್ರಗಳಾದರೂ ಇರಲಿ. ಇಂಟರ್ನಲ್ ಕ್ಯಾರಾಟಿಡ್ ತುಂಬಿಸಿದಾಗಲಂತೂ ಬೇಗ ನಿಲ್ಲಿಸಬೇಡಿ. ಮಿದುಳಿನ ಸ್ವಂತ ಸಿರೆಗಳು ಖಾಲಿಯಾಗುವವರೆಗೂ ಓಡಿಸಿ. ಸಿರೆಗಳು ತಡವಾಗಿ, ಸುರುಳಿಸುತ್ತಿಕೊಂಡು ತುಂಬುತ್ತಿದ್ದರೆ ಮಿದುಳು ಒತ್ತಡದಲ್ಲಿದೆ. ಆ ಒಂದು ನೋಟದ ಮೇಲೆ ಚಿಕಿತ್ಸೆಯ ಆತುರ ನಿರ್ಧಾರವಾಗುತ್ತದೆ.

ವರ್ಗೀಕರಣಕ್ಕೆ 1995ರಲ್ಲೇ ಬಂದ ಬಾರ್ಡನ್ ಮತ್ತು ಕೊಗ್ನಾರ್ ಎರಡೂ ಸಾಕು. ಬಾರ್ಡನ್ 1 ಎಂದರೆ ರಕ್ತ ಸೈನಸ್ಸಿಗಷ್ಟೇ ಹೋಗುತ್ತದೆ. 2 ಎಂದರೆ ಸೈನಸ್ಸಿನಿಂದ ಮಿದುಳಿನ ಸಿರೆಗಳಿಗೂ ಹಿಮ್ಮೆಟ್ಟುತ್ತದೆ. 3 ಎಂದರೆ ನೇರವಾಗಿ ಮಿದುಳಿನ ಸಿರೆಗೆ. ಕೊಗ್ನಾರ್‌ನಲ್ಲಿ 4 ಎಂದರೆ ಆ ಸಿರೆ ಉಬ್ಬಿ ಚೀಲವಾಗಿದೆ, 5 ಎಂದರೆ ಬೆನ್ನುಹುರಿಯ ಸಿರೆಗಳಿಗೆ ಇಳಿಯುತ್ತಿದೆ. ಗಮನಿಸಿ, ಎಷ್ಟು ಧಮನಿಗಳು ರಕ್ತ ತರುತ್ತಿವೆ ಎಂಬುದಕ್ಕೆ ಎರಡರಲ್ಲೂ ಜಾಗವೇ ಇಲ್ಲ. ಅಪಾಯ ಅಳೆಯುವುದು ಸಿರೆಯಿಂದ.

ಸಂಖ್ಯೆಗಳು: ಸಿರೆಗೆ ಹಿಮ್ಮೆಟ್ಟುವಿಕೆ ಉಳಿದುಕೊಂಡವರಲ್ಲಿ ವರ್ಷಕ್ಕೆ ರಕ್ತಸ್ರಾವ 8.1%, ಸಾವು 10.4% ಎಂದು ಟೊರೊಂಟೊ ತಂಡ 2002ರಲ್ಲಿ ವರದಿ ಮಾಡಿತು. ಅದು 20 ರೋಗಿಗಳ ಸಣ್ಣ ಗುಂಪು ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಿ. 2008ರ ಸ್ಟಾಕ್‌ಹೋಮ್ ವರದಿಯಲ್ಲಿ, ಮೊದಲೇ ರಕ್ತಸ್ರಾವವಾಗಿದ್ದವರಲ್ಲಿ ವರ್ಷಕ್ಕೆ ಸುಮಾರು 7.4%, ಆಗಿರದವರಲ್ಲಿ 1.5%. ಒಮ್ಮೆ ರಕ್ತ ಸೋರಿದ ಮೇಲೆ ಕಾಯುವಂತಿಲ್ಲ: ದುಫೋ ಮತ್ತು ಸಂಗಡಿಗರ 1999ರ ಸರಣಿಯಲ್ಲಿ 20 ಜನರಲ್ಲಿ 7 ಜನರಿಗೆ ಎರಡೇ ವಾರದಲ್ಲಿ ಮತ್ತೆ ರಕ್ತಸ್ರಾವವಾಯಿತು.

ಉತ್ತರ: ಕ್ಯಾಥ್‌ಲ್ಯಾಬ್_ರಾತ್ರಿಪಾಳಿ

ನಾಲ್ಕನೇ ಪ್ರಶ್ನೆಗೆ ಉತ್ತರ ಎಂಡೋಥೀಲಿಯಂ ಅವರ ಬರಹದಲ್ಲೇ ಅಡಗಿದೆ. ಬಿಡಿಸುತ್ತೇನೆ.

ಗದ್ದೆಯ ಕೆಳಬದಿಯಲ್ಲಿ ಬದು ಒಡೆದಿದ್ದರೆ ಮೇಲಿನ ಕಾಲುವೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರೂ ನೀರು ಇನ್ನೊಂದು ಕಡೆಯಿಂದ ಬಂದು ಅದೇ ಒಡಕಿನಲ್ಲಿ ಇಳಿಯುತ್ತದೆ. ಡ್ಯೂರಾದ ಧಮನಿಗಳು ಎಡ-ಬಲ, ಒಳಗೆ-ಹೊರಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿವೆ. ಆಕ್ಸಿಪಿಟಲ್ ಧಮನಿಯ ಬುಡಕ್ಕೆ ಕಾಯಿಲ್ (ನಾಳ ಮುಚ್ಚುವ ಲೋಹದ ತಂತಿಸುರುಳಿ) ಹಾಕಿದರೆ ಮಿಡಲ್ ಮೆನಿಂಜಿಯಲ್ ಬರುತ್ತದೆ, ಅದನ್ನೂ ಮುಚ್ಚಿದರೆ ಟೆಂಟೋರಿಯಲ್, ವರ್ಟಿಬ್ರಲ್‌ನ ಕವಲುಗಳು ಬರುತ್ತವೆ. ಫಿಸ್ಟುಲಾದ ಸಿರೆಯಲ್ಲಿ ಒತ್ತಡ ಧಮನಿಗಿಂತ ಕಡಿಮೆ, ಅದು ಎಲ್ಲ ಕಡೆಯಿಂದಲೂ ಎಳೆಯುತ್ತದೆ. ಜೊತೆಗೆ ಬುಡದಲ್ಲಿ ಧಮನಿ ಮುಚ್ಚಿದ್ದರಿಂದ ಅಲ್ಲಿನ ಡ್ಯೂರಾಕ್ಕೆ ರಕ್ತ ಸಾಲದೆ ಮತ್ತೆ ವಿಇಜಿಎಫ್ ಸುರಿಯುತ್ತದೆ, ಹೊಸ ಕವಲು ಚಿಗುರುತ್ತವೆ. ಹಾಗೆ ಮಾಡಿದವರು ಮುಂದಿನ ವೈದ್ಯರಿಗೆ ತೂರಲು ಇದ್ದ ಒಳ್ಳೆಯ ದಾರಿಯನ್ನೂ ಕೆಡಿಸಿದಂತೆ. ಫಿಸ್ಟುಲಾ ಗುಣವಾಗಬೇಕಾದರೆ, ನಾಳ ಮುಚ್ಚಲು ಕ್ಯಾಥೆಟರಿನಿಂದ ತಳ್ಳುವ ಅಂಟು ಸಂಪರ್ಕವನ್ನು ದಾಟಿ ಸಿರೆಯ ಮೊದಲ ಕೆಲವು ಮಿಲಿಮೀಟರನ್ನು ತುಂಬಲೇಬೇಕು. ನಾವು ಅದನ್ನು ಸಿರೆಯ ಪಾದ ಅನ್ನುತ್ತೇವೆ.

ಸಾಮಾನ್ಯ ದಾರಿ ಮಿಡಲ್ ಮೆನಿಂಜಿಯಲ್ ಮೂಲಕ ಆನಿಕ್ಸ್ ಎಂಬ ಅಂಟು ಹಾಕುವುದು. ನೇರವಾಗಿ, ಗಟ್ಟಿಯಾಗಿ ಮೂಳೆಗೆ ಅಂಟಿಕೊಂಡು ಹೋಗುವ ಧಮನಿಯಾದ್ದರಿಂದ ಕ್ಯಾಥೆಟರನ್ನು ಕೊನೆಯಲ್ಲಿ ಹಿಂದೆಳೆಯುವುದೂ ಸುಲಭ. ಕ್ರಮ ಹೀಗೆ. ಆನಿಕ್ಸ್ ಬಾಟಲಿಯನ್ನು ಯಂತ್ರದಲ್ಲಿ ಕನಿಷ್ಠ 20 ನಿಮಿಷ ಅಲುಗಿಸಿ, ಬಳಸುವ ಕ್ಷಣದವರೆಗೂ ನಿಲ್ಲಿಸಬೇಡಿ. ನಿಲ್ಲಿಸಿದರೆ ಟ್ಯಾಂಟಲಮ್ ಪುಡಿ ತಳಕ್ಕೆ ಕೂತು, ಪರದೆಯ ಮೇಲೆ ಅಂಟು ಎಲ್ಲಿಗೆ ಹೋಯಿತೆಂದೇ ಕಾಣುವುದಿಲ್ಲ. ಮೈಕ್ರೋಕ್ಯಾಥೆಟರ್ ಡಿಎಂಎಸ್‌ಒ (ಆನಿಕ್ಸ್ ಕರಗಿರುವ ದ್ರಾವಕ) ತಡೆಯುವಂಥದ್ದೇ ಆಗಿರಬೇಕು, ಬೇರೆಯದು ಕರಗುತ್ತದೆ. ಸಲೈನ್‌ನಿಂದ ತೊಳೆದು, ಕ್ಯಾಥೆಟರಿನ ಒಳಜಾಗ ತುಂಬುವಷ್ಟು ಡಿಎಂಎಸ್‌ಒ ಹಾಕಿ. ಮ್ಯಾರಥಾನ್ ಎಂಬ ಮೈಕ್ರೋಕ್ಯಾಥೆಟರಿಗೆ ಅದು ಸುಮಾರು 0.23 ಮಿಲಿ. ನಂತರ ಆನಿಕ್ಸ್ ನಿಮಿಷಕ್ಕೆ ಸುಮಾರು 0.16 ಮಿಲಿ. ನಿಮಿಷಕ್ಕೆ 0.3 ಮಿಲಿ ದಾಟಬಾರದು. ಡಿಎಂಎಸ್‌ಒ ರಭಸವಾಗಿ ಹೋದರೆ ಧಮನಿ ಸೆಟೆದುಕೊಳ್ಳುತ್ತದೆ, ಗೋಡೆಯೇ ಸುಟ್ಟಂತಾಗಬಹುದು.

ಅಂಟು ತುದಿಯಿಂದ ಹಿಂದಕ್ಕೆ ಬರಲು ಶುರುವಾದರೆ ನಿಲ್ಲಿಸಿ, 30 ಸೆಕೆಂಡಿನಿಂದ 2 ನಿಮಿಷ ಕಾಯಿರಿ, ಮತ್ತೆ ತಳ್ಳಿ. ತುದಿಯ ಸುತ್ತ ಹೀಗೆ ಬಿರಡೆ ಕಟ್ಟಿಕೊಂಡ ಮೇಲೆಯೇ ಅಂಟು ಮುಂದೆ ಫಿಸ್ಟುಲಾದೊಳಕ್ಕೆ ನುಗ್ಗುವುದು. 2 ನಿಮಿಷಕ್ಕಿಂತ ಹೆಚ್ಚು ಕಾದರೆ ಕ್ಯಾಥೆಟರಿನೊಳಗೇ ಗಟ್ಟಿಯಾಗುತ್ತದೆ. ಹಿಮ್ಮೆಟ್ಟಿದ ಅಂಟು 1 ಸೆಂಟಿಮೀಟರ್ ಮೀರಿದರೆ ಕ್ಯಾಥೆಟರ್ ಸಿಕ್ಕಿಹಾಕಿಕೊಳ್ಳುವ ಭಯ. ತುದಿ ಕಳಚುವ ಕ್ಯಾಥೆಟರ್ ಇದ್ದರೆ ನಿರಾಳ.

ತಪ್ಪುವುದು ಎಲ್ಲಿ? ಮೂರು ಕಡೆ ಜೀವ ಬಿಗಿಹಿಡಿದು ನೋಡಬೇಕು. ಮಿಡಲ್ ಮೆನಿಂಜಿಯಲ್ ಧಮನಿಯಿಂದ ಕಣ್ಣಿನ ಆಫ್ತಾಲ್ಮಿಕ್ ಧಮನಿಗೆ ಕೂಡುದಾರಿ ಇರಬಹುದು, ಅಂಟು ಅಲ್ಲಿ ಹೋದರೆ ದೃಷ್ಟಿ ಹೋಗುತ್ತದೆ. ಅದೇ ಧಮನಿಯ ಪೆಟ್ರೋಸಲ್ ಕವಲು ಮುಖದ ನರಕ್ಕೆ ರಕ್ತ ಕೊಡುತ್ತದೆ, ಹಿಮ್ಮೆಟ್ಟಿದ ಅಂಟು ಫೊರಾಮೆನ್ ಸ್ಪೈನೋಸಮ್ (ಆ ಧಮನಿ ಬುರುಡೆಯೊಳಕ್ಕೆ ಬರುವ ರಂಧ್ರ) ತನಕ ಬಂದರೆ ಬಾಯಿ ಸೊಟ್ಟಗಾಗುತ್ತದೆ. ಅಸೆಂಡಿಂಗ್ ಫ್ಯಾರಿಂಜಿಯಲ್ ಧಮನಿಯಲ್ಲಿ ಹಾಕಿದರೆ ನುಂಗುವ, ಮಾತಾಡುವ ನರಗಳಿಗೆ ಪೆಟ್ಟು. ಇವು ಮೊದಲ ಆಂಜಿಯೋಗ್ರಾಂನಲ್ಲಿ ಕಾಣದೆ, ಒತ್ತಡ ಏರಿದ ಮೇಲೆ ತೆರೆದುಕೊಳ್ಳುತ್ತವೆ. ಹಾಗಾಗಿ ನಡುನಡುವೆ ಮತ್ತೆ ಕಾಂಟ್ರಾಸ್ಟ್ ಹಾಕಿ ನೋಡುತ್ತಿರಬೇಕು. ಅರಿವಳಿಕೆಯವರಿಗೂ ಮೊದಲೇ ಹೇಳಿರಿ: ಡ್ಯೂರಾದ ನರ ಕೆರಳಿ ಹೃದಯದ ಬಡಿತ ಒಮ್ಮೆಲೇ ಇಳಿಯಬಹುದು. ತಳ್ಳುವುದನ್ನು ನಿಲ್ಲಿಸಿದರೆ ಹೆಚ್ಚಾಗಿ ತಾನೇ ಸರಿಹೋಗುತ್ತದೆ, ಇಲ್ಲದಿದ್ದರೆ ಅಟ್ರೋಪಿನ್ 0.6 ಮಿಗ್ರಾಂ.

ಸಿರೆಯ ಕಡೆಯಿಂದ ಹೋಗಿ ಸೈನಸ್ಸನ್ನೇ ಕಾಯಿಲ್‌ಗಳಿಂದ ತುಂಬುವ ದಾರಿಯೂ ಇದೆ. ಕಣ್ಣುಗೂಡಿನ ಹಿಂದಿರುವ ಕ್ಯಾವರ್ನಸ್ ಸೈನಸ್ಸಿಗೆ ಇನ್ಫೀರಿಯರ್ ಪೆಟ್ರೋಸಲ್ ಸೈನಸ್ಸಿನ ಮೂಲಕ ಹೋಗುವುದು ರೂಢಿ. ಒಂದೇ ಷರತ್ತು, ಆ ಸೈನಸ್ಸನ್ನು ಮಿದುಳು ತನ್ನ ಸ್ವಂತ ರಕ್ತ ಹೊರಹಾಕಲು ಬಳಸುತ್ತಿರಬಾರದು. ಬಳಸುತ್ತಿದ್ದರೆ ಸೈನಸ್ಸಿನೊಳಗೆ ಬಲೂನು ಉಬ್ಬಿಸಿ ಕಾಪಾಡಿಕೊಂಡು ಧಮನಿ ಕಡೆಯಿಂದ ಅಂಟು ಹಾಕಬೇಕು. ಇನ್ನೂ ಕೆಟ್ಟದ್ದೆಂದರೆ ಅರ್ಧ ಮುಚ್ಚುವುದು. ಸೈನಸ್ಸಿನ ಹೊರದಾರಿ ಮುಚ್ಚಿ, ಫಿಸ್ಟುಲಾ ಉಳಿದರೆ, ಬಾರ್ಡನ್ 1 ಆಗಿದ್ದದ್ದು ಮೇಜಿನ ಮೇಲೆಯೇ 2 ಆಗುತ್ತದೆ. ರಕ್ತವೆಲ್ಲ ಮಿದುಳಿನ ಸಿರೆಗಳಿಗೆ ತಿರುಗುತ್ತದೆ.

ಆಂಟೀರಿಯರ್ ಫಾಸಾದ ಫಿಸ್ಟುಲಾಕ್ಕೆ ರಕ್ತ ಬರುವುದು ಆಫ್ತಾಲ್ಮಿಕ್ ಧಮನಿಯ ಕವಲುಗಳಿಂದ. ಅಲ್ಲಿ ನರಶಸ್ತ್ರಚಿಕಿತ್ಸಕರು ಬುರುಡೆ ತೆರೆದು ಸಿರೆಯನ್ನು ಡ್ಯೂರಾದ ಬಳಿ ಕ್ಲಿಪ್ ಹಾಕಿ ಕತ್ತರಿಸುವುದು ಇಂದಿಗೂ ಉತ್ತಮ ಆಯ್ಕೆ. ಧಮನಿಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಸಿರೆ ಕತ್ತರಿಸಿದರೆ ಕೆಲಸ ಮುಗಿಯಿತು ಎಂಬುದು ನಿಮ್ಮ ನಾಲ್ಕನೇ ಪ್ರಶ್ನೆಗೆ ಸಿಗುವ ಅತ್ಯಂತ ನೇರ ಸಾಕ್ಷಿ.

ಉತ್ತರ: ನರರೋಗ_ವಾರ್ಡ್

ಎರಡು ಎಚ್ಚರಿಕೆ ಬಿಟ್ಟುಹೋಗಿತ್ತು.

ಕೊಗ್ನಾರ್ 5ರಲ್ಲಿ ಬೆನ್ನುಹುರಿ ಊದಿಕೊಂಡದ್ದನ್ನು ಎಂಆರ್‌ಐನಲ್ಲಿ ಉರಿಯೂತವೆಂದು ತಿಳಿದು ಮಿಥೈಲ್‌ಪ್ರೆಡ್ನಿಸೋಲೋನ್ ಕೊಟ್ಟುಬಿಡುತ್ತಾರೆ. ಸಿರೆಯ ಒತ್ತಡದಿಂದ ಆದ ಊತ ಸ್ಟಿರಾಯ್ಡಿನಿಂದ ಗಂಟೆಗಳಲ್ಲೇ ಹದಗೆಟ್ಟು, ಕಾಲುಗಳ ಶಕ್ತಿ ಹೋಗಬಹುದು. ಸ್ಟಿರಾಯ್ಡ್ ಕೊಟ್ಟ ಕೂಡಲೇ ದೌರ್ಬಲ್ಯ ಹೆಚ್ಚಿದರೆ ಅದನ್ನು ಸುಳಿವೆಂದೇ ಎಣಿಸಿ, ಡಿಎಸ್‌ಎಗೆ ಕಳಿಸಿ. ಬೆನ್ನುಹುರಿಯ ಡಿಎಸ್‌ಎ ಸಹಜವಾಗಿ ಬಂದರೆ ಅಲ್ಲಿಗೆ ನಿಲ್ಲಬೇಡಿ, ತಲೆಯ ಆರು ಧಮನಿಗಳನ್ನೂ ನೋಡಿ.

ಬಾರ್ಡನ್ 1 ಇದ್ದು, ಸದ್ದು ತಡೆದುಕೊಳ್ಳಬಹುದಾದರೆ ಸುಮ್ಮನೆ ಗಮನಿಸುವುದು ಸರಿಯಾದ ನಿರ್ಧಾರವೇ. ಅವು ಕೆಟ್ಟ ಬಗೆಗೆ ತಿರುಗುವುದು ನೂರಕ್ಕೆ ಎರಡು ಮೂರರಲ್ಲಿ. ಆದರೆ ರೋಗಿಗೆ ಒಂದು ವಿಷಯ ಬರೆದು ಕೊಡಿ: ಸದ್ದು ಹೆಚ್ಚಾದರೆ ಮಾತ್ರವಲ್ಲ, ಇದ್ದಕ್ಕಿದ್ದಂತೆ ನಿಂತುಹೋದರೂ ಬರಬೇಕು. ಫಿಸ್ಟುಲಾ ತಾನೇ ಮುಚ್ಚಿಕೊಂಡಿರಬಹುದು. ಸೈನಸ್ಸಿನ ಹೊರದಾರಿ ಕಟ್ಟಿಕೊಂಡು ರಕ್ತ ಮಿದುಳಿನ ಸಿರೆಗಳಿಗೆ ತಿರುಗಿದ್ದರೂ ಸದ್ದು ನಿಲ್ಲುತ್ತದೆ. ಎರಡರಲ್ಲಿ ಯಾವುದೆಂದು ಚಿತ್ರ ತೆಗೆಯದೆ ಹೇಳಲಾಗದು.